ಅಂಗೈಯಲ್ಲಿ ಮಾತನಾಡಿದ ಯಂತ್ರ

ಓದು ಬಾರದವನಿಗೆ ಕಂಪ್ಯೂಟರಿನಿಂದೇನು ಪ್ರಯೋಜನ? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 2001ರ ಏಪ್ರಿಲಿನಲ್ಲಿ ಅವರು ತೋರಿಸಿದ ಮಾದರಿಯೇ ಸಿಂಪ್ಯೂಟರ್. ಅದಕ್ಕೆ ಕೀಲಿಮಣೆಯಿಲ್ಲ, ಕಡ್ಡಿಯಿಂದ ತೆರೆಯನ್ನು ಮುಟ್ಟಿದರಾಯಿತು. ಬರೆದುದನ್ನು ಕನ್ನಡದಲ್ಲಿಯೇ ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶವನ್ನು ರಚಿಸಿದರು. ಬೆಲೆ ಸುಮಾರು 9000 ರೂಪಾಯಿ ಎಂದು ಅಂದಾಜು. ಬಡವನೊಬ್ಬನಿಗೆ ಇದು ಭಾರವೇ ಸರಿ. ಆದುದರಿಂದ ಯಂತ್ರ ಊರಿಗೊಂದು, ನೆನಪಿನ ಕಾರ್ಡು ಮಾತ್ರ ಅವರವರದು ಎಂಬ ಏರ್ಪಾಡು. ಇಡೀ ಯೋಜನೆಯ ಜಾಣ್ಮೆ ಇಲ್ಲಿಯೇ ಇತ್ತೆಂದು ನನ್ನ ಎಣಿಕೆ.

ಪುಟ್ಟ ಬ್ಯಾಟರಿಯಿಂದ ನಡೆಯುವ ಯಂತ್ರಕ್ಕೆ ಮೇಜಿನ ಕಂಪ್ಯೂಟರಿನ ಪ್ರೊಸೆಸರ್ ಹೊಂದದು. ಅದರ ವಿದ್ಯುತ್ ದಾಹ ದೊಡ್ಡದು. ಇಲ್ಲಿ ಬಳಸಿದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇವರು ರೂಪಿಸಿ, 1985ರಲ್ಲಿ ಮೊದಲು ಸಿದ್ಧವಾದ ಆರ್ಮ್ ಪ್ರೊಸೆಸರಿನ ವಂಶ ಅದು. ಕೆಲವೇ ಸರಳ ಆಜ್ಞೆಗಳನ್ನು ಚುರುಕಾಗಿ ನಡೆಸುವುದು ಅದರ ಮರ್ಮ. ಸೆಕೆಂಡಿಗೆ 20.6 ಕೋಟಿ ಮಿಡಿತ. ಆದರೂ ಖರ್ಚು ಅರ್ಧ ವಾಟಿನೊಳಗೆ!

ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ 2004ರಲ್ಲಿ ಅಂಗಡಿಗೆ ಬಂದಿತು. ಮಾರಾಟವಾದುದು ಕೆಲವೇ ಸಾವಿರ. ಮುಂದೆ ಮೊಬೈಲ್ ದೂರವಾಣಿ ಹಳ್ಳಿಹಳ್ಳಿಯನ್ನೂ ಸೇರಿತು. ಅದರೊಳಗಿರುವುದೂ ಬಹುಮಟ್ಟಿಗೆ ಆರ್ಮ್ ವಂಶದ ಪ್ರೊಸೆಸರೇ. ಊರಿಗೊಂದು ಯಂತ್ರ, ತಲೆಗೊಂದು ಕಾರ್ಡು ಎಂಬ ಆ ಏರ್ಪಾಡು ಮಾತ್ರ ಜೊತೆಗೆ ಬರಲಿಲ್ಲ.