ಕಾಳಿಗೊಂದು ಕಲ್ಲು, ಕಲ್ಲಿಗೊಂದು ಪೂಜೆ

'ನಾಯಿಪಾಡು', 'ನಾಯಿಬುದ್ಧಿ' - ಕನ್ನಡದಲ್ಲಿ ನಾಯಿಯ ಹೆಸರು ಕೇಳಿಬರುವುದು ಹೆಚ್ಚಾಗಿ ಬೈಗುಳದಲ್ಲೇ. ಆದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಭಾಷೆಯಲ್ಲಿ ನಾಯಿಯೊಂದರ ಹೆಸರನ್ನು ರಾಜರ ಹೆಸರಿನ ಜೊತೆಗೇ ಕಲ್ಲಿನಲ್ಲಿ ಕೆತ್ತಲಾಗಿತ್ತು. ಅದೇ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಆ ನಾಯಿಯ ಹೆಸರು ಕಾಳಿ.

ಕಾಳಿಯ ಕಥೆ ಆರಂಭವಾಗುವುದು ಇಂದಿನ ತಮಿಳುನಾಡಿನಲ್ಲಿರುವ ತಕ್ಕೋಲದ ರಣರಂಗದಿಂದ. ಕ್ರಿ.ಶ. 949ರ ಸುಮಾರಿಗೆ ಅಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರ ಕದನ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯ ಮಡಿದ. ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಎರಡನೆಯ ಬೂತುಗನ ಸೈನ್ಯದಲ್ಲಿ ಮಣಲೆರನೆಂಬ ವೀರನಿದ್ದ. ಅವನ ಸಾಹಸಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಕೇಳೆಂದ. ಮಣಲೆರ ಕೇಳಿದ್ದು ಹೊನ್ನನ್ನಲ್ಲ, ದೊರೆಯ ಬೇಟೆನಾಯಿ ಕಾಳಿಯನ್ನು.

ಮುಂದೊಂದು ದಿನ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರನ ಪ್ರೀತಿ ಎಂಥದ್ದೆಂಬುದು ತಿಳಿಯುವುದು ಇಲ್ಲಿಂದಲೇ. ಆತಕೂರಿನ ಶಿವಾಲಯದ ಎದುರು ಕಾಳಿಗಾಗಿ ಕಲ್ಲು ನೆಡಲಾಯಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಗುಡಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಣ್ಣುವಂತಿಲ್ಲ. ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ! ದತ್ತಿಯ ಭೂಮಿಯನ್ನು ಹಾಳು ಮಾಡಿದವರಿಗೂ, ಅವರು ಒಕ್ಕಲಾಗಲಿ, ಊರನ್ನಾಳುವವನಾಗಲಿ, ನಾಡನ್ನಾಳುವವನಾಗಲಿ, ಇದೇ ಶಾಪ.

ಗಮನಿಸಬೇಕಾದ ಸಂಗತಿ ಇದು: ಶಾಸನದಲ್ಲಿ ಮಣಲೆರನ ಕಣ್ಣೀರಿನ ವರ್ಣನೆ ಇಲ್ಲ. ಇರುವುದು ಏರ್ಪಾಡು. ದುಃಖ ಒಂದೆರಡು ತಿಂಗಳಲ್ಲಿ ಆರಬಹುದು, ಆದರೆ ಪೂಜಾರಿಯ ಊಟಕ್ಕೆ ಕಟ್ಟಿದ ನೆನಪು ಪ್ರತಿದಿನವೂ ಏಳಲೇಬೇಕು. ಪ್ರೀತಿಯನ್ನು ನಿತ್ಯದ ಹೊಣೆಯಾಗಿ ಮಾರ್ಪಡಿಸಿದ್ದೇ ಈ ಕಲ್ಲಿನ ವಿಶೇಷ.

ಹಾಗೆಂದು ಆ ಕಾಲದ ಎಲ್ಲವನ್ನೂ ಒಪ್ಪಬೇಕಿಲ್ಲ. ಕಾಳಿ ಸತ್ತದ್ದು ಮನುಷ್ಯರ ಬೇಟೆಯ ಹುಮ್ಮಸ್ಸಿಗಾಗಿ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಕಾಳಗವನ್ನು ಯಾರೂ ಪ್ರೀತಿಯೆನ್ನಲಾರರು. ಇಂದಿನ ತಪ್ಪು ಬೇರೆ ಬಗೆಯದು. ನಾಯಿಯನ್ನು ಮಗುವಿನಂತೆ ಬಿಗಿಯಾಗಿ ಅಪ್ಪುವುದು, ಮುದ್ದಿಗೆಂದು ಚಾಕೊಲೇಟ್ ತಿನ್ನಿಸುವುದು. ಚಾಕೊಲೇಟ್ ನಾಯಿಗೆ ವಿಷ. ಬಿಗಿ ಅಪ್ಪುಗೆ ಅನೇಕ ನಾಯಿಗಳಿಗೆ ಸೆರೆ. ಮುಖ ತಿರುಗಿಸಿದರೆ, ಕಿವಿ ಹಿಂದಕ್ಕೆಳೆದರೆ, ಪದೇ ಪದೇ ತುಟಿ ನೆಕ್ಕಿದರೆ 'ಸಾಕು ಬಿಡು' ಎಂದೇ ಅರ್ಥ. ತಾನಾಗಿ ಹತ್ತಿರ ಬಂದಾಗ ಎದೆ ಅಥವಾ ಗದ್ದದ ಕೆಳಗೆ ಮೆಲ್ಲಗೆ ಸವರಿದರೆ, ಹೊತ್ತಿಗೆ ಸರಿಯಾಗಿ ಊಟ, ನೀರು, ಓಡಾಟ ಸಿಕ್ಕರೆ ಅದಕ್ಕೆ ಅಷ್ಟೇ ಸಾಕು.

ಅಂದಿನ ಬೇಟೆಗಾರನಿಗೂ ಇಂದಿನ ಸಾಕುವವರಿಗೂ ಇರುವ ಪ್ರಶ್ನೆ ಒಂದೇ: ಈ ಪ್ರೀತಿ ಯಾರ ಸಂತೋಷಕ್ಕೆ? ಬದುಕಿದ್ದ ಕಾಳಿಯ ವಿಷಯದಲ್ಲಿ ಮಣಲೆರ ಅದಕ್ಕೆ ಸರಿಯಾದ ಉತ್ತರ ಕೊಟ್ಟನೆನ್ನಲಾಗದು. ಸತ್ತ ಮೇಲೆ ಮಾತ್ರ ತನ್ನ ಕೈಲಾದುದನ್ನು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿ ಇಂದಿಗೂ ಅದರ ಮೇಲೆ ಎದುರುಬದುರಾಗಿ ನಿಂತು ಹೋರಾಡುತ್ತಿವೆ.