ಅಮ್ಮನ ಕೆಲಸ ಯಾವ ಲೆಕ್ಕಕ್ಕೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಇತಿಹಾಸ ನಮ್ಮೂರಿಂದಲೇ ಶುರುವಾಗುತ್ತೆ. ಊರು ಭೀಮಸಮುದ್ರ, ಚಿತ್ರದುರ್ಗ ಜಿಲ್ಲೆ. ಕೆರೆ, ತೋಟ, ಅಡಿಕೆ ವ್ಯಾಪಾರ: ಇಷ್ಟು ಹೇಳಿದರೆ ಊರು ಗೊತ್ತಾಗುತ್ತೆ.

ನಾನು ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಯುವ ಸಂಶೋಧಕರ ಒಂದು ಸಮಾವೇಶಕ್ಕೆ ಅಡಿಕೆ ಆದಾಯದ ಮೇಲೆ ಪ್ರಬಂಧ ಬರೀತಾ ಮನೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಅಮ್ಮ ಹಸಿ ಅಡಿಕೆ ಸುಲೀತಿದ್ಲು. "ಅಲ್ಲ ಕಣೇ, ನಾನು ಮಾಡೋ ಈ ಕೆಲಸ ನಿನ್ನ ಲೆಕ್ಕದಲ್ಲಿ ಎಲ್ಲಿ ಬರುತ್ತೆ?" ಅಂತ ಕೇಳಿದ್ಲು. ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಎಲ್ಲೂ ಇರಲಿಲ್ಲ.

ಇದು ಹೊಸ ಪ್ರಶ್ನೆ ಅಲ್ಲ. 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಯ್ತು. ಅದರ ಹಿಂದೆ ಇದ್ದವರು ಆಗ ಚೀಫ್ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯ. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಅಂತ ಮೂರು ಸಮಿತಿಗಳಾದವು. ಜನರ ಬದುಕು ಹೇಗಿದೆ ಅಂತ ಕೂತು ಚರ್ಚೆ ಮಾಡಬೇಕು ಅನ್ನೋದು ನಮ್ಮ ಸಂಸ್ಥಾನಕ್ಕೆ ಆಗಲೇ ಹೊಳೆದಿತ್ತು.

ಆಮೇಲೆ ಬಂದವರು ವಿ.ಕೆ.ಆರ್.ವಿ. ರಾವ್. ಹುಟ್ಟಿದ್ದು 1908ರಲ್ಲಿ. ಕೇಂಬ್ರಿಜ್‌ನಲ್ಲಿ ಪಿಎಚ್‌ಡಿಗೆ ಅವರು ತಗೊಂಡ ವಿಷಯ 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ. ಬೆಳೆಗೆ ಅಷ್ಟಿಷ್ಟು ಸರ್ಕಾರಿ ಅಂಕಿ ಸಿಗುತ್ತಿತ್ತು. ಸಣ್ಣ ಕಸುಬು, ಚಿಲ್ಲರೆ ವ್ಯಾಪಾರಕ್ಕೆ ಸರಿಯಾದ ದಾಖಲೆ ಎಲ್ಲಿತ್ತು? ಅದಕ್ಕೇ ಬೆಳೆಗೆ ಉತ್ಪಾದನೆಯ ಲೆಕ್ಕ, ಸೇವೆಗಳಿಗೆ ಜನರ ಗಳಿಕೆಯ ಲೆಕ್ಕ, ಎರಡನ್ನೂ ಜೋಡಿಸಿದರು. ಆಗ ಅವರಿನ್ನೂ ಇಪ್ಪತ್ತರ ಹರೆಯದವರು, ಅಂದ್ರೆ ಹೆಚ್ಚುಕಮ್ಮಿ ನಮ್ಮ ವಯಸ್ಸು.

ಆದರೆ ಹೆಸರನ್ನ ಇನ್ನೊಮ್ಮೆ ಕೇಳಿ: ಬ್ರಿಟಿಷ್ ಇಂಡಿಯಾ. ಚಿತ್ರದುರ್ಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಹಾಗಾಗಿ ಅಷ್ಟು ದೊಡ್ಡ ಲೆಕ್ಕದಲ್ಲಿ ನಮ್ಮೂರ ಅಡಿಕೆ ಇರಲೇ ಇಲ್ಲ. ಅದು ರಾವ್ ಅವರ ತಪ್ಪಲ್ಲ. ಎಲ್ಲಿ ಗೆರೆ ಎಳೀತೀವೋ ಅಲ್ಲಿಗೆ ಲೆಕ್ಕ ಮುಗಿಯುತ್ತೆ.

ಅದೇ ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದರು, ಅಂದ್ರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ನಾಗರಬಾವಿಯ ಆ ಕ್ಯಾಂಪಸ್‌ನಲ್ಲಿ ಇವತ್ತಿಗೂ ಪಿಎಚ್‌ಡಿ ವಿದ್ಯಾರ್ಥಿಗಳು ಸೆಮಿನಾರ್‌ನಲ್ಲಿ ತಮ್ಮ ಅರ್ಧಂಬರ್ಧ ಕೆಲಸವನ್ನ ಎಲ್ಲರ ಮುಂದೆ ಇಡ್ತಾರೆ. ಇಂಥ ಸಭೆಗಳ ಲಾಭ ಅದೇ: ಗೆರೆ ಎಲ್ಲಿ ತಪ್ಪಿದೆ ಅಂತ ಪುಸ್ತಕ ಆಗೋಕೆ ಮುಂಚೆಯೇ ಯಾರಾದ್ರೂ ಕೇಳ್ತಾರೆ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಅವಳು ಸುಲಿದ ಅಡಿಕೆ ಬೆಂದು, ಒಣಗಿ, ರಾಶಿ ಅಂತಲೋ ಬೆಟ್ಟೆ ಅಂತಲೋ ಕ್ವಿಂಟಲ್ ಲೆಕ್ಕದಲ್ಲಿ ಮಾರಾಟವಾದಾಗ ಆ ಬೆಲೆ ದೇಶದ ಆದಾಯಕ್ಕೆ ಸೇರುತ್ತೆ. ಅದರಲ್ಲಿ ಅವಳ ಶ್ರಮವೂ ಇದೆ, ಆದರೆ ಅದಕ್ಕೆ ಬೇರೆ ಸಾಲಿಲ್ಲ. ಕೂಲಿಗೆ ಬಂದವರು ಸುಲಿದರೆ ಕೂಲಿ ಅಂತ ಒಂದು ಅಂಕಿ ಸಿಗುತ್ತೆ. ಮನೆಯವರಿಗೆ ಅವಳು ಮಾಡುವ ಅಡುಗೆಯಂತೂ ಲೆಕ್ಕದ ಆಚೆಗೇ ಉಳಿಯುತ್ತೆ.

ನಾನು ಪ್ರಬಂಧದ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿದೆ: ಮನೆಯವರು ಸುಲಿದ ಗಂಟೆಗಳು. ಅಂಕಿ ಇನ್ನೂ ತುಂಬಿಲ್ಲ. ನಾಳೆ ಬೆಳಗ್ಗೆ ಅಮ್ಮ ಅಡಿಕೆ ಮುಂದೆ ಕೂತಾಗ ಗಡಿಯಾರ ಹಿಡ್ಕೊಂಡು ನಾನೂ ಪಕ್ಕದಲ್ಲಿ ಕೂರ್ತೀನಿ.