ಗೇಟಿನ ಬಳಿ ಕುದಿದ ಕಾರು

ಹಳೆಯ ಮದರಾಸು ರಸ್ತೆಯಲ್ಲಿ ಹಲಸೂರಿನಿಂದ ಹೊಸಕೋಟೆಯ ಕಡೆಗೆ ಕಾರಿನಲ್ಲಿ ಹೋಗಿಬರುತ್ತಿದ್ದ ಹಿರಿಯರನ್ನು ಕೇಳಿ ನೋಡಿ. ಕೃಷ್ಣರಾಜಪುರದ ರೈಲ್ವೆ ಗೇಟನ್ನು ಅವರು ಮರೆತಿರಲಾರರು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ತೆರೆದ ರೈಲುಮಾರ್ಗ ಇಲ್ಲಿ ರಸ್ತೆಯನ್ನು ಅಡ್ಡ ಹಾಯುತ್ತದೆ. 2003ರಲ್ಲಿ ಕೇಬಲ್ಲುಗಳ ತೂಗುಸೇತುವೆ ಬರುವವರೆಗೆ, ಗೇಟು ಬಿತ್ತೆಂದರೆ ಕಾಯುವುದೊಂದೇ ದಾರಿಯಾಗಿತ್ತು. ಹಬೆಯ ಎಂಜಿನ್ನುಗಳ ಕಾಲದಲ್ಲಂತೂ ಅಲ್ಲೊಂದು ವಿನೋದವಿತ್ತು. ಹಳಿಯ ಮೇಲೆ ನೀರು ಕುದಿದರೆ ರೈಲು ಓಡುತ್ತಿತ್ತು; ರಸ್ತೆಯ ಮೇಲೆ ನೀರು ಕುದಿದರೆ ಕಾರು ನಿಲ್ಲುತ್ತಿತ್ತು.

ಓಡುವಾಗ ತಣ್ಣಗಿದ್ದ ಕಾರು ನಿಂತಲ್ಲಿ ಏಕೆ ಕುದಿಯಬೇಕು? ಇದಕ್ಕೆ ಉತ್ತರ ಮೋಟಾರು ಕಾರಿನ ಇತಿಹಾಸದಲ್ಲೇ ಇದೆ.

ಹಳೆಯ ಕಾರಿನಲ್ಲಿ ಉರಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲು ಪಾಲು ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಉಳಿದುದರಲ್ಲಿ ಬಹುಭಾಗ ಹೊಗೆಯ ಕೊಳವೆಯಿಂದಲೂ ತಣಿಸುವ ನೀರಿನಿಂದಲೂ ಹೊರಗೆ ಹೋಗಬೇಕು. ಆದುದರಿಂದ ಎಂಜಿನ್ನಿನಲ್ಲಿ ಬಿಸಿ ಹುಟ್ಟುವುದು ದೋಷವಲ್ಲ. ಹುಟ್ಟಿದ ಬಿಸಿಗೆ ಹೊರದಾರಿ ಇಲ್ಲದಿರುವುದೇ ದೋಷ. ಮೊದಲಿನಿಂದಲೂ ಕಾರು ತಯಾರಿಸಿದವರು ಹುಡುಕುತ್ತ ಬಂದುದು ಈ ಹೊರದಾರಿಯನ್ನೇ.

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಗಂಡನ ಮೋಟಾರು ಗಾಡಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರು ಪಯಣಿಸಿದಳು. ಆ ಗಾಡಿಗೆ ರೇಡಿಯೇಟರು ಇರಲಿಲ್ಲ. ನೀರು ಕುದಿದು ಆವಿಯಾಗುತ್ತಲೇ ಎಂಜಿನ್ನನ್ನು ತಣಿಸುತ್ತಿತ್ತು. ಹೀಗಾಗಿ ಆಕೆ ದಾರಿಯುದ್ದಕ್ಕೂ ಸಿಕ್ಕಲ್ಲೆಲ್ಲ ನೀರು ತುಂಬಿಸಬೇಕಾಯಿತು. ಮುಂದೆ ವಿಲ್‌ಹೆಲ್ಮ್ ಮೈಬಾಕ್ 1901ರ ಮರ್ಸಿಡಿಸ್ ಕಾರಿಗೆ ಜೇನುಹುಟ್ಟಿನಂಥ ರೇಡಿಯೇಟರನ್ನು ರೂಪಿಸಿದನು. ಅದರಲ್ಲಿದ್ದ ಸಣ್ಣ ಕೊಳವೆಗಳು 8,070! ಅವುಗಳ ಒಳಗೆ ಗಾಳಿ, ಸುತ್ತ ನೀರು. ಅಂದಿನಿಂದ ನೀರು ಕೇವಲ ಬಿಸಿಯನ್ನು ಹೊರುವ ಆಳಾಯಿತು. ಆ ಹೊರೆಯನ್ನು ಇಳಿಸಿಕೊಳ್ಳುವ ಕೆಲಸ ಗಾಳಿಯದಾಯಿತು.

ಗೇಟಿನ ಬಳಿಯ ಒಗಟು ಬಿಡುವುದು ಇಲ್ಲೇ. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನೊಂದೇ ಗತಿ. 2014ರವರೆಗೆ ತಯಾರಾದ ಅಂಬಾಸಡರಿನ ಹಳೆಯ ಮಾದರಿಗಳಲ್ಲಿ, ಹಾಗೆಯೇ ಫಿಯಟ್ 1100ರಲ್ಲಿ, ಈ ಫ್ಯಾನನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಎಂಜಿನ್ನು ನಿಧಾನವಾದರೆ ಫ್ಯಾನೂ ನಿಧಾನ. ಜೊತೆಗೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಮದರಾಸಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಒತ್ತಡದ ಮುಚ್ಚಳ ಬಂದಿತು. ಚದರಂಗುಲಕ್ಕೆ 7 ಪೌಂಡು ಒತ್ತಡ ತಡೆಯುವ ಮುಚ್ಚಳವಿದ್ದರೆ ಇಲ್ಲಿಯೂ ನೀರು ಸುಮಾರು 109 ಡಿಗ್ರಿಯವರೆಗೆ ಕುದಿಯದು. ಅಪಾಯವೂ ಇದರಲ್ಲೇ ಅಡಗಿದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆದೊಡನೆ ಒತ್ತಡ ಕಳಚಿ, ಒಳಗಿನ ನೀರು ಥಟ್ಟನೆ ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಆದ್ದರಿಂದ ಕುದಿ ಬಂದಾಗ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ಬಾನೆಟ್ಟು ಎತ್ತಿ, ಕಾಯಿರಿ. ಅರ್ಧ ಗಂಟೆ ಸಾಲದಿದ್ದರೆ ಇನ್ನಷ್ಟು ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಎರಕದ ಕಬ್ಬಿಣ ಬಿರಿದೀತು.

ಇನ್ನು ದೋಷವನ್ನು ಹುಡುಕುವ ಕ್ರಮ. ಅದು ಎಲ್ಲಿ, ಯಾವಾಗ ಕಾಣಿಸಿತೆಂಬುದೇ ಅರ್ಧ ಉತ್ತರ. ನಿಂತಾಗ ಮಾತ್ರ ಕಾಯುವುದಾದರೆ ಮೊದಲು ಬೆಲ್ಟನ್ನು ನೋಡಿ. ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಗ್ಗಬಹುದು, ಹೆಚ್ಚು ಬಗ್ಗಬಾರದು. ಹಳೆಯ ಕಾರುಗಳಲ್ಲಿ ಅದೇ ಬೆಲ್ಟು ಡೈನಮೋವನ್ನೂ ತಿರುಗಿಸುವುದರಿಂದ, ಬಿಸಿಯೊಡನೆ ಬ್ಯಾಟರಿಯ ಕೆಂಪು ದೀಪವೂ ಹತ್ತಿದ್ದರೆ ಸಂಶಯವೇ ಬೇಡ. ಓಡುವಾಗ, ಏರು ಹತ್ತುವಾಗ ಕಾಯುವುದಾದರೆ ರೇಡಿಯೇಟರಿನ ಕೊಳವೆಗಳು ಕಟ್ಟಿರಬಹುದು. ಎಂಜಿನ್ನು ಹೊರಟ ಕೆಲವೇ ನಿಮಿಷಗಳಲ್ಲಿ ಕಾಯುವುದಾದರೆ ಥರ್ಮೋಸ್ಟಾಟು ತೆರೆಯದೆ ಕುಳಿತಿರಬಹುದು. ಅದನ್ನು ಬಿಚ್ಚಿ, ದಾರದಲ್ಲಿ ಕಟ್ಟಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಒತ್ತಿರುವ ಡಿಗ್ರಿಯ ಸುಮಾರಿಗೆ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದನ್ನು ಹಾಕಿಸಿ. ತೆಗೆದೆಸೆದು ಹಾಗೆಯೇ ಓಡಿಸುವುದು ನಮ್ಮಲ್ಲಿ ರೂಢಿ. ಆದರೆ ಎಂಜಿನ್ನು ಸದಾ ತಣ್ಣಗಿದ್ದರೂ ಬೇಗ ಸವೆಯುತ್ತದೆ.

ನೀರು ಪದೇ ಪದೇ ಕಡಮೆಯಾಗುತ್ತಿದ್ದರೆ ಹೋಸುಗಳನ್ನೂ ವಾಟರ್ ಪಂಪಿನ ಅಡಿಯನ್ನೂ ಪರೀಕ್ಷಿಸಿ. ಎಲ್ಲಿಯೂ ಸೋರದೆ ನೀರು ಮಾಯವಾದರೆ, ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ, ಎಂಜಿನ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅದು ಮೆಕ್ಯಾನಿಕ್ಕಿನ ಕೆಲಸ; ಅಲ್ಲಿಂದ ಮುಂದೆ ಒಂದು ಮೈಲಿಯೂ ಓಡಿಸಬೇಡಿ.

ನಗರದ ಪೂರ್ವಭಾಗಕ್ಕೆ ಸಲ್ಲುವ ಮಾತು ಇನ್ನೊಂದಿದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಇರುವುದು ಬೋರ್‌ವೆಲ್ ನೀರು. ಅದು ಗಡಸಾಗಿದ್ದರೆ ನಿಮ್ಮ ಬಿಸಿನೀರಿನ ಹಂಡೆಗೆ ಹತ್ತುವ ಬಿಳಿಯ ಪೊರೆಯೇ ರೇಡಿಯೇಟರಿನ ಒಳಗೂ ಹತ್ತುತ್ತದೆ. ಆ ಪೊರೆ ಶಾಖವನ್ನು ಹೊರಗೆ ಬಿಡದು. ಕೂಲೆಂಟು ಬೆರೆಸಿದ ಶುದ್ಧ ಮೆದುನೀರನ್ನೇ ಹಾಕಿ. ಮಳೆಗಾಲದ ಮುನ್ನ ಬ್ರೇಕು ನೋಡಿಸುವಂತೆ ಬೇಸಿಗೆಯ ಮುನ್ನ ರೇಡಿಯೇಟರನ್ನು ತೊಳೆಸಿ.

ಗೇಟು ಹೋಯಿತು, ಸೇತುವೆ ಬಂದಿತು; 2023ರಲ್ಲಿ ಮೆಟ್ರೋ ರೈಲೂ ಬಂದಿತು. ಟಿನ್ ಫ್ಯಾಕ್ಟರಿಯ ಬಳಿ ಕಾಯುವುದು ಮಾತ್ರ ತಪ್ಪಲಿಲ್ಲ. ಮನೆಯಲ್ಲಿ ಅಜ್ಜನ ಕಾಲದ ಕಾರನ್ನು ಇನ್ನೂ ಓಡಿಸುತ್ತಿರುವವರು ಆ ಸಾಲಿನಲ್ಲಿ ನಿಂತಾಗ ಬಿಸಿಯ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟಿರಲಿ. ಮುಳ್ಳು ಏರಿದರೆ ಗಾಡಿಯನ್ನು ಬದಿಗೆ ತೆಗೆದುಕೊಳ್ಳಲಿ. ಹಿಂದಿನವರು ಹಾರ್ನು ಬಾರಿಸಿದರೆ ಬಾರಿಸಲಿ. ಬರ್ತಾ ಬೆಂಜ್ ಕೂಡ ನಿಂತು ನಿಂತೇ ಊರು ಸೇರಿದಳು.